ಬಂಡೆ ತಾಗಿದರೂ ನೀರು ಕುಡಿಯದ ಮೋಟಾರು

ಎಲ್ಲರಿಗೂ ನಮಸ್ಕಾರ.

ಗಣೇಶಗುಡಿಯ ಬಳಿ ಕಾಳಿ ನದಿಯ ಮಟ್ಟ ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿಗೆ ತಕ್ಕಂತೆ ಏರಿಳಿಯುತ್ತದೆ. ಬೆಳಿಗ್ಗೆ ಆಳದಲ್ಲಿದ್ದ ಬಂಡೆ ಮಧ್ಯಾಹ್ನ ಗೇಣುದ್ದ ನೀರಿನಡಿ ಕೂತಿರಬಹುದು. ಇಂಥ ಹೊಳೆಯ ರಾಫ್ಟಿಗೆ ವಿದ್ಯುತ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಮೋಟಾರು) ಮಾಡುವವರು ಮೊದಲು ಒಂದು ಲೆಕ್ಕ ಒಪ್ಪಿಕೊಳ್ಳಬೇಕು. ನೀರಿನಲ್ಲಿ ನಾಲ್ಕು ಮೀಟರ್ ಉದ್ದಕ್ಕೆ ಕೂರುವ ರಾಫ್ಟ್ ಗಂಟೆಗೆ ಸುಮಾರು 9 ಕಿ.ಮೀ. ಮುಟ್ಟಿದ ಮೇಲೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ಆಮೇಲೆ ಎಷ್ಟು ಶಕ್ತಿ ಸುರಿದರೂ ವೇಗ ಹೆಚ್ಚುವುದು ಅತ್ಯಲ್ಪ. ಸೆಕೆಂಡಿಗೆ 2 ಮೀಟರಿನ ಸೆಳವೆಂದರೆ ಗಂಟೆಗೆ 7.2 ಕಿ.ಮೀ.; ಅದರೆದುರು ಉಳಿಯುವ ಮುನ್ನಡೆ ಎರಡು ಕಿಲೋಮೀಟರೂ ಇಲ್ಲ. ಹಾಗಾಗಿ ರ‍್ಯಾಪಿಡ್‌ನಲ್ಲಿ, ಅಂದರೆ ಬಂಡೆಗಳ ನಡುವಿನ ರಭಸದ ಹರಿವಿನಲ್ಲಿ, ಹುಟ್ಟೇ ಗತಿ, ಅಲ್ಲಿ ಮೋಟಾರನ್ನು ಮೇಲೆತ್ತಿಟ್ಟಿರಬೇಕು. ಮಡು ದಾಟಲು, ಹಿನ್ನೀರಿನಲ್ಲಿ ದಡ ಸೇರಲು 3 ಕಿಲೋವ್ಯಾಟ್ ಧಾರಾಳ. ಮಿಕ್ಕ ಹಣವನ್ನೆಲ್ಲ ಬಾಳಿಕೆಗೆ ಹಾಕಿ.

ಜನ ತುಂಬಿದ 900 ಕಿಲೋ ರಾಫ್ಟ್ ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 2,800 ಜೂಲ್. ಮೋಟಾರಿನ ಕಾಲು (ನೀರಿಗಿಳಿದು ತುದಿಯಲ್ಲಿ ಪ್ರೊಪೆಲ್ಲರ್ ಹೊತ್ತ ಭಾಗ) ಬಿಗಿಯಾಗಿ ಲಾಕ್ ಆಗಿದ್ದರೆ ಬಂಡೆಯ ಏಟಿಗೆ ಅಷ್ಟೂ ಅದರ ಮೇಲೇ ಬೀಳುತ್ತದೆ. ಬ್ರಾಕೆಟ್ ಸೀಳುತ್ತದೆ, ಇಲ್ಲವೇ ಶಾಫ್ಟ್ ಬಾಗುತ್ತದೆ. ಕಾಲು ಹಿಂದಕ್ಕೆ ಸಲೀಸಾಗಿ ಏಳುವಂತಿದ್ದರೆ 12 ಕಿಲೋ ತೂಕದ ಆ ಭಾಗದ ಪಾಲಿನ ಶಕ್ತಿ 40 ಜೂಲಿನೊಳಗೇ ಇರುತ್ತದೆ. ಒಂದು ರಬ್ಬರ್ ತಡೆ ಅದನ್ನು ನುಂಗಿಕೊಳ್ಳುತ್ತದೆ. ಆದರೆ ರಿವರ್ಸ್‌ನಲ್ಲಿ ಪ್ರೊಪೆಲ್ಲರೇ ಕಾಲನ್ನು ಎತ್ತಿಬಿಡುವುದರಿಂದ ಆಗ ಮಾತ್ರ ಹಿಡಿಯುವ ಕೊಕ್ಕೆ ಬೇಕು. ಕಾಲು 15 ಡಿಗ್ರಿ ಎದ್ದೊಡನೆ ಕರೆಂಟು ಕಡಿಯಲು ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಹಾಕಿ. ಅದು ಕವಚದಾಚೆಯಿಂದಲೇ ಗುರುತಿಸುವುದರಿಂದ ಕವಚಕ್ಕೆ ತೂತು ಕೊರೆಯುವ ಅಗತ್ಯವಿಲ್ಲ. ಗಾಳಿಯಲ್ಲಿ ತಿರುಗುವ ಪ್ರೊಪೆಲ್ಲರ್ ನೀರಿಗೆ ಬಿದ್ದವರಿಗೆ ಕತ್ತಿಯಿದ್ದಂತೆ. ಸುತ್ತ ಉಂಗುರದ ಕಾವಲು ಹಾಕಿದರೆ ದಕ್ಷತೆ ಒಂದಿಷ್ಟು ತಗ್ಗುತ್ತದೆ. ತಗ್ಗಲಿ, ಜನರಿರುವ ದೋಣಿಯಲ್ಲಿ ಆ ನಷ್ಟ ಲೆಕ್ಕಕ್ಕಿಲ್ಲ.

ಈಗ ಮೋಟಾರುಗಳು ಹೆಚ್ಚಾಗಿ ಸಾಯುವ ಜಾಗಕ್ಕೆ ಬರೋಣ. ಧೂಳು, ನೀರು ತಡೆಯುವ ದರ್ಜೆ ಐಪಿ 67 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಸುಮ್ಮನೆ ಮುಳುಗಿಸಿಟ್ಟ ಪರೀಕ್ಷೆ. ಹೊಳೆಯಲ್ಲಿ ಆಗುವುದೇ ಬೇರೆ. ಓಡಿ 70 ಡಿಗ್ರಿಗೆ ಕಾದ ಮೋಟಾರನ್ನು ಮೇಲೆತ್ತಿ, ಮತ್ತೆ 25 ಡಿಗ್ರಿ ನೀರಿಗೆ ಇಳಿಸುತ್ತೇವೆ. ಒಳಗಿನ ಗಾಳಿ ಕುಗ್ಗಿ ಒತ್ತಡ ಸುಮಾರು 13 ಶೇಕಡಾ ಇಳಿಯುತ್ತದೆ, ಅದು 1.3 ಮೀಟರ್ ನೀರಿನ ಎಳೆತಕ್ಕೆ ಸಮ. ಪ್ರತಿ ಸಲ ಸೀಲಿನಂಚಿನಿಂದ ಒಂದೊಂದು ಹನಿ ಒಳಗೆ ಸೇರುತ್ತದೆ. ಸೀಲು ಹೊಸದಾಗಿದ್ದರೂ ಕೇಬಲ್ಲು ಮೋಸ ಮಾಡಬಹುದು: ತಾಮ್ರದ ಎಳೆಗಳ ನಡುವೆ ನೀರು ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಸಾಗುತ್ತದೆ. ಕೇಬಲ್ಲು ಕವಚದೊಳಗೆ ಹೋಗುವ ಬಿಗಿಮೂತಿಯಾದ ಗ್ಲ್ಯಾಂಡಿನೊಳಗೆ ಎಳೆಗಳನ್ನು ಬೆಸುಗೆ ಹಾಕಿ ಗಟ್ಟಿಮಾಡಿ, ಎಪಾಕ್ಸಿ ತುಂಬಿ. ಒತ್ತಡ ಸಮವಾಗಲು ಕಾಲಿನ ಟೊಳ್ಳು ಕೊಳವೆಯ ಮೂಲಕ ಮೋಟಾರಿನ ಗಾಳಿಯನ್ನು ಮೇಲಿನ ತಲೆಗೆ ಸೇರಿಸಿ, ಅಲ್ಲಿ ಗಾಳಿ ಬಿಟ್ಟು ನೀರು ತಡೆಯುವ ಪೊರೆಯ ವೆಂಟ್ ಕೂರಿಸಿ.

ಶಾಫ್ಟಿಗೆ ಎರಡು ಸೀಲು, ನಡುವೆ ನೀರು ತಡೆಯುವ ಗ್ರೀಸ್. ಹೊರಗಿನದರ ತುಟಿ ಹೊರಕ್ಕೆ ಮುಖಮಾಡಿರಲಿ; ಮರಳನ್ನು ತಡೆಯುವುದು ಅದೇ. ಮರಳು ಶಾಫ್ಟನ್ನು ತೇಯುತ್ತದೆ, ಅದಕ್ಕೆ ಬಿಚ್ಚಿ ಬದಲಿಸಬಹುದಾದ ಗಟ್ಟಿ ಸ್ಟೇನ್‌ಲೆಸ್ ತೋಳು (ಶಾಫ್ಟಿನ ಮೇಲೆ ಕೂರುವ ಕೊಳವೆ, ಸ್ಲೀವ್) ಹಾಕಬೇಕು. ಉಗುರಿಗೆ ಗೀರು ಸಿಕ್ಕಿದರೆ ತೋಳನ್ನೂ ಬದಲಿಸಿ; ಗೀರಿನ ಮೇಲೆ ಹೊಸ ಸೀಲು ನಿಲ್ಲುವುದಿಲ್ಲ. ಮೀನುಗಾರರ ನೈಲಾನ್ ದಾರ ಸುತ್ತಿಕೊಂಡರೆ ಸೀಲು ಒಂದೇ ದಿನದಲ್ಲಿ ಹೋಗಬಹುದು, ಹಾಗಾಗಿ ಪ್ರೊಪೆಲ್ಲರಿಗೂ ಸೀಲಿಗೂ ನಡುವೆ ದಾರ ಕತ್ತರಿಸುವ ಅಲಗಿರಲಿ. ಸಿಹಿನೀರಿಗೆ ಸತುವಿನ ಆನೋಡ್ (ತಾನು ಸವೆದು ಉಳಿದ ಲೋಹವನ್ನು ತುಕ್ಕಿನಿಂದ ಕಾಯುವ ತುಂಡು) ಬೇಡ, ಅದರ ಮೇಲೆ ಪದರ ಕಟ್ಟಿ ಕೆಲಸ ನಿಲ್ಲುತ್ತದೆ. ಮೆಗ್ನೀಸಿಯಂ ಹಾಕಿ.

ಬ್ಯಾಟರಿಗೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಕೋಶ ಹದಿನಾರು ಸಾಲಾಗಿ, 51.2 ವೋಲ್ಟ್, 100 ಆಂಪಿಯರ್-ಗಂಟೆ. ಪೂರ್ತಿ ಚಾರ್ಜಿನಲ್ಲೂ 58.4 ವೋಲ್ಟ್ ದಾಟುವುದಿಲ್ಲ. ಶೇ. 80ರಷ್ಟನ್ನೇ ಬಳಸಿದರೆ ಪೂರ್ಣ ಶಕ್ತಿಯಲ್ಲಿ 80 ನಿಮಿಷ. ವೇಗ ಅರ್ಧಕ್ಕಿಳಿದರೆ ಬೇಕಾಗುವ ಶಕ್ತಿ ಸುಮಾರು ಎಂಟನೇ ಒಂದು ಪಾಲು, ಆಗ ಇಡೀ ದಿನ ನಡೆಯುತ್ತದೆ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಇರಲಿ, ಪೆಟ್ಟಿಗೆಯನ್ನು ಫ್ರೇಮಿಗೇ ಕಟ್ಟಿ.

ಸೀಲು ಬದಲಿಸಿದಾಗಲೆಲ್ಲ ವೆಂಟ್ ಮುಚ್ಚಿ, ಒಳಗೆ 0.3 ಬಾರ್ ಗಾಳಿ ಕೊಟ್ಟು ಹತ್ತು ನಿಮಿಷ ನೀರಿನ ತೊಟ್ಟಿಯಲ್ಲಿಡಿ. ಒಂದೇ ಒಂದು ಗುಳ್ಳೆ ಬಂದರೂ ಅದನ್ನು ಹೊಳೆಗೆ ಒಯ್ಯಬೇಡಿ. ಪರೀಕ್ಷೆ ಮುಗಿದ ಮೇಲೆ ವೆಂಟ್ ತೆರೆಯಲು ಮರೆಯಬೇಡಿ.