ಎನ್‌ಬಿಎ ಅಳತೆಗೆ ಸಿಗದ ಕ್ರಿಸ್ಟಿಯನ್ ವೆಲ್ಪ್

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕಾಲೇಜಿನಲ್ಲಿ ಆಡಿ ಬೆಳೆದ ಜರ್ಮನ್ ಆಟಗಾರ ಯಾರು ಅಂದರೆ ಬಾಸ್ಕೆಟ್‌ಬಾಲ್ ಬಲ್ಲವರು ಥಟ್ಟನೆ ಡೆಟ್ಲೆಫ್ ಶ್ರೆಂಫ್ ಅನ್ನುತ್ತಾರೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಮೂರು ಸಲ ಆಲ್‌ಸ್ಟಾರ್, ಅಂದರೆ ಆಯ್ದ ತಾರೆಯರ ಪಂದ್ಯಕ್ಕೆ ಆಯ್ಕೆ ಆದವರು, ಸರಿಯೇ. ಆದರೆ ಅವರ ಜತೆ ಅದೇ ಕಾಲೇಜು ತಂಡದಲ್ಲಿದ್ದ ಇನ್ನೊಬ್ಬ ಜರ್ಮನ್ನರ ಬಗ್ಗೆ ಇವತ್ತು ಮಾತಾಡುತ್ತೇನೆ: ಕ್ರಿಸ್ಟಿಯನ್ ವೆಲ್ಪ್.

1964ರಲ್ಲಿ ಉತ್ತರ ಜರ್ಮನಿಯ ಡೆಲ್ಮೆನ್‌ಹಾರ್ಸ್ಟ್‌ನಲ್ಲಿ ಹುಟ್ಟಿದವರು. ಏಳಡಿ ಎತ್ತರ. ವಿದ್ಯಾರ್ಥಿ ವಿನಿಮಯದಲ್ಲಿ ವಾಷಿಂಗ್ಟನ್ ರಾಜ್ಯದ ಹೈಸ್ಕೂಲಿಗೆ ಬಂದು, 1983ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದರು. ಜರ್ಮನಿಯಲ್ಲಿ ಆಟ ಇರುವುದು ಊರಿನ ಕ್ಲಬ್ಬುಗಳಲ್ಲಿ. ಓದು ಒಂದು ಕಡೆ, ಆಟ ಇನ್ನೊಂದು ಕಡೆ. ಅಮೆರಿಕದಲ್ಲಿ ತಂಡ ವಿಶ್ವವಿದ್ಯಾಲಯದ್ದೇ. ಓದುತ್ತಲೇ ದಿನಾ ಅಭ್ಯಾಸ, ಪಂದ್ಯಕ್ಕೆ ಸಾವಿರಾರು ಪ್ರೇಕ್ಷಕರು. ಕೋಚ್ ಮಾರ್ವ್ ಹಾರ್ಷ್‌ಮನ್ ಕೈಕೆಳಗೆ ಇಬ್ಬರು ಜರ್ಮನ್ನರೂ ಆಡಿದ 1984, 1985ರಲ್ಲಿ ತಂಡ ಪಶ್ಚಿಮ ಅಮೆರಿಕದ ಹತ್ತು ವಿಶ್ವವಿದ್ಯಾಲಯಗಳ ಲೀಗ್ ಪ್ಯಾಕ್-10ರ ಪ್ರಶಸ್ತಿ ಹಂಚಿಕೊಂಡಿತು. ಶ್ರೆಂಫ್ ಹೋದ ಮರುವರ್ಷವೇ ವೆಲ್ಪ್ ಪ್ಯಾಕ್-10ರ ಶ್ರೇಷ್ಠ ಆಟಗಾರರಾದರು. ಕಾಲೇಜು ಮುಗಿಸುವಾಗ ಅವರ ಅಂಕ 2,073. ಆ ವಿಶ್ವವಿದ್ಯಾಲಯದಲ್ಲಿ ಅಷ್ಟು ಅಂಕ ಅದುವರೆಗೆ ಯಾರೂ ಗಳಿಸಿರಲಿಲ್ಲ.

ಎನ್‌ಬಿಎ ಕತೆ ಚಿಕ್ಕದು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 1987ರಲ್ಲಿ, ಫಿಲಡೆಲ್ಫಿಯಾ ತಂಡ 16ನೆಯವರಾಗಿ ಆರಿಸಿತು. ಮೊದಲ ವರ್ಷ ಮಂಡಿ ಕೈಕೊಟ್ಟಿತು. ಮೂರು ಸೀಸನ್, ಮೂರು ತಂಡ, ಅಷ್ಟೇ. ಅಮೆರಿಕದ ಲೆಕ್ಕದಲ್ಲಿ ಇದು ಸೋತ ಆಟಗಾರನ ಕತೆ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

1990ರಲ್ಲಿ ಜರ್ಮನಿಗೆ ಮರಳಿ ಬಾಯರ್ ಲೆವರ್‌ಕೂಸನ್ ಕ್ಲಬ್ ಸೇರಿದರು, ಅಲ್ಲಿ ಸಾಲುಸಾಲು ಲೀಗ್ ಪ್ರಶಸ್ತಿ. 1993ರಲ್ಲಿ ಯುರೋಪಿನ ದೇಶಗಳ ಟೂರ್ನಿ ಯೂರೋಬಾಸ್ಕೆಟ್ ಜರ್ಮನಿಯಲ್ಲೇ ನಡೆಯಿತು. ಶ್ರೆಂಫ್ ತಂಡದಲ್ಲಿರಲಿಲ್ಲ. ಕೋಚ್ ಸ್ವೆತಿಸ್ಲಾವ್ ಪೆಶಿಚ್ ಹುಡುಗರ ಮೇಲೆ ದೊಡ್ಡ ಆಸೆ ಯಾರಿಗೂ ಇರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್ ಮೇಲೆ ಹೆಚ್ಚುವರಿ ಅವಧಿಯಲ್ಲಿ ಎರಡೇ ಅಂಕದ ಗೆಲುವು, ಸೆಮಿಫೈನಲ್‌ನಲ್ಲಿ ಗ್ರೀಸ್ ಮೇಲೆ ಮೂರು ಅಂಕದ್ದು. ಮ್ಯೂನಿಕ್‌ನಲ್ಲಿ ಫೈನಲ್, ಎದುರಿಗೆ ರಷ್ಯಾ. ಉಳಿದದ್ದು ಕೆಲವೇ ಸೆಕೆಂಡು, ಜರ್ಮನಿ 68–70ರಿಂದ ಹಿಂದೆ. ಕಾಯ್ ನ್ಯೂರ್ನ್‌ಬರ್ಗರ್ ಪಾಸ್ ಕೊಟ್ಟರು, ವೆಲ್ಪ್ ಡಂಕ್ ಮಾಡಿದರು, ಅಂದರೆ ಚೆಂಡನ್ನು ಮೇಲಿಂದಲೇ ಬುಟ್ಟಿಗೆ ತುರುಕಿದರು; ಎರಡು ಅಂಕ, ಜತೆಗೆ ಎದುರಾಳಿಯ ಫೌಲೂ ಸಿಕ್ಕಿತು. ಮೈದಾನವೆಲ್ಲ ಕೂಗುತ್ತಿದ್ದರೂ ಫೌಲಿಗೆ ಸಿಕ್ಕ ಒಂದು ಅಂಕದ ಫ್ರೀ ಥ್ರೋ ತಪ್ಪಲಿಲ್ಲ. 71–70. ಟೂರ್ನಿಯ ಶ್ರೇಷ್ಠ ಆಟಗಾರನೂ ಅವರೇ.

ಪಾಸ್ ಕೊಟ್ಟ ನ್ಯೂರ್ನ್‌ಬರ್ಗರ್ ಅಮೆರಿಕದ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಹುಡುಗ. ತಂಡದಲ್ಲಿದ್ದ ಹಾನ್ಸಿ ಗ್ನಾಡ್ ಆಡಿ ಬಂದದ್ದು ದೂರದ ಅಲಾಸ್ಕಾದ ಕಾಲೇಜಿನಲ್ಲಿ! ಎನ್‌ಬಿಎಗೆಂದು ಹುಡುಗರನ್ನು ಸಾಣೆ ಹಿಡಿಯುವ ಕಾಲೇಜುಗಳ ದುಡಿಮೆಯ ಫಲ ಆ ರಾತ್ರಿ ಜರ್ಮನಿಗೆ ದಕ್ಕಿತ್ತು.

ವೆಲ್ಪ್ 1997ರಲ್ಲಿ ಗ್ರೀಸ್‌ನ ಒಲಿಂಪಿಯಾಕೋಸ್ ಕ್ಲಬ್ ಜತೆ ಯುರೋಪಿನ ಕ್ಲಬ್ಬುಗಳ ಟೂರ್ನಿ ಯೂರೋಲೀಗನ್ನೂ ಗೆದ್ದರು. 2015ರಲ್ಲಿ, 51ನೇ ವಯಸ್ಸಿಗೇ ತೀರಿಕೊಂಡರು.

ಅಮೆರಿಕದ ಕಾಲೇಜಿನ ಆ ದಾರಿ ಮುಚ್ಚಿಲ್ಲ. 2023ರಲ್ಲಿ ವಿಶ್ವಕಪ್ ಗೆದ್ದ ಜರ್ಮನ್ ತಂಡದ ಮೊರಿಟ್ಸ್, ಫ್ರಾಂಟ್ಸ್ ವಾಗ್ನರ್ ಅಣ್ಣತಮ್ಮಂದಿರು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಆಡಿದವರು. ಆದರೆ ನಾಯಕ ಡೆನಿಸ್ ಶ್ರೋಡರ್ ಕಾಲೇಜಿನ ಹಂಗಿಲ್ಲದೆ ಜರ್ಮನ್ ಕ್ಲಬ್ಬಿನಿಂದ ನೇರ ಎನ್‌ಬಿಎಗೆ ಹೋದವರು. ಯಾವ ದಾರಿ ಮೇಲು ಅನ್ನುವುದನ್ನು ಬೇಕಾದರೆ ಈಗ ಚರ್ಚಿಸೋಣ; ಪ್ರಶ್ನೆ ಕೇಳಿ.