ಬ್ರಹ್ಮಕಲಶದ ಬ್ಯಾನರಿಗೆ ಯಾವ ತಂತ್ರಾಂಶ?

ಕೇಳುಗರಿಗೆ ನಮಸ್ಕಾರ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಮೇ ಕೊನೆಯ ಪತ್ತನಾಜೆಯವರೆಗೆ ನಮ್ಮ ಮಂಗಳೂರು, ಉಡುಪಿ ಕಡೆ ಬಿಡುವೆಂಬುದಿಲ್ಲ. ದೇವಸ್ಥಾನಗಳ ಬ್ರಹ್ಮಕಲಶ, ದೈವಗಳ ನೇಮ, ಯಕ್ಷಗಾನ ಬಯಲಾಟ, ಕಂಬಳ. ಒಂದೊಂದಕ್ಕೂ ಆಮಂತ್ರಣ ಪತ್ರಿಕೆ, ರಸ್ತೆ ಬದಿಗೆ ಬ್ಯಾನರು, ಮುಗಿದ ಮೇಲೆ ಫೋಟೊಗಳ ರಾಶಿ. ಇದನ್ನೆಲ್ಲ ಮನೆಯ ಡೆಸ್ಕ್‌ಟಾಪಿನಲ್ಲೇ, ದುಡ್ಡು ಕೊಡದೆ ಸಿಗುವ ತಂತ್ರಾಂಶಗಳಿಂದಲೇ, ಪ್ರೆಸ್ಸಿನವರು ಮುಖ ಸಿಂಡರಿಸದ ಹಾಗೆ ಮಾಡಿಕೊಳ್ಳಬಹುದು. ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಫೋಟೊ ತಿದ್ದುವ ತಂತ್ರಾಂಶದಲ್ಲೇ ಅಕ್ಷರವನ್ನೂ ಜೋಡಿಸಲು ಹೊರಡುತ್ತೇವೆ.

ಫೋಟೊ ತಿದ್ದುವ ತಂತ್ರಾಂಶ ಜಿಂಪ್ ಹೆಸರು ಹಲವರು ಕೇಳಿದ್ದೀರಿ. 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ ಕೆಲಸ ಅದು, 3.0 ಆವೃತ್ತಿ ಬಂದದ್ದು 2025ರ ಮಾರ್ಚಿನಲ್ಲಿ. ಹೊಸ ಆವೃತ್ತಿಗೆ ವಿಂಡೋಸ್ 10 ಅಥವಾ ಅದರ ನಂತರದ್ದು ಬೇಕು. ಇನ್ನೂ ವಿಂಡೋಸ್ 7 ಇಟ್ಟುಕೊಂಡವರಿಗೆ ಹಳೆಯ 2.10 ಸಾಕು. ಇಳಿಸಿಕೊಳ್ಳುವಾಗ ಜಿಂಪ್ ಡಾಟ್ ಆರ್ಗ್ ತಾಣದಿಂದಲೇ ಇಳಿಸಿಕೊಳ್ಳಿ. 2015ರಲ್ಲಿ ಒಂದು ಹೆಸರಾಂತ ಡೌನ್‌ಲೋಡ್ ತಾಣ ಇದೇ ಜಿಂಪ್ ಜೊತೆಗೆ ಜಾಹೀರಾತು ತಂತ್ರಾಂಶ ಕಟ್ಟಿ ಹಂಚಿ ಸುದ್ದಿಯಾಗಿತ್ತು.

ಜಿಂಪ್ ಕೆಲಸ ಮಾಡುವುದು ಪಿಕ್ಸೆಲ್ ಮೇಲೆ. ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಬ್ಯಾನರನ್ನು ಅದರಲ್ಲಿ ಇಂಚಿಗೆ 72 ಪಿಕ್ಸೆಲಿನ ಲೆಕ್ಕದಲ್ಲಿ ತೆರೆದರೆ 8640 ಗುಣಿಸು 6912, ಸುಮಾರು ಆರು ಕೋಟಿ ಪಿಕ್ಸೆಲ್. ಒಂದು ಲೇಯರಿಗೇ, ಅಂದರೆ ಒಂದರ ಮೇಲೊಂದು ಕೂರುವ ಪದರಕ್ಕೇ, ಹತ್ತಿರ ಹತ್ತಿರ 240 ಎಂಬಿ. ದೇವರ ಚಿತ್ರ, ತೋರಣ, ಅತಿಥಿಗಳ ಮುಖ ಎಂದು ಹತ್ತು ಲೇಯರಾದರೆ ನಾಲ್ಕು ಜಿಬಿ ರ‍್ಯಾಮಿನ ಕಂಪ್ಯೂಟರು ಕುಸಿದು ಕೂರುತ್ತದೆ. ಬೈಗುಳ ಮಾತ್ರ ತಂತ್ರಾಂಶಕ್ಕೆ.

ಅದೇ ಬ್ಯಾನರನ್ನು ಗೆರೆಚಿತ್ರ ರಚಿಸುವ ಇಂಕ್‌ಸ್ಕೇಪಿನಲ್ಲಿ ಮಾಡಿ. ಅಲ್ಲಿ ಅಕ್ಷರ, ಅಂಚು, ಕಲಶದ ಚಿತ್ರ ಎಲ್ಲ ಗೆರೆಗಳ ಲೆಕ್ಕವಾಗಿ ಉಳಿಯುತ್ತವೆ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಪಿಕ್ಸೆಲ್ ಚಿಂತೆ ಒಳಗೆ ಕೂರಿಸುವ ಫೋಟೊಗಳಿಗೆ ಮಾತ್ರ. ರಸ್ತೆಯಿಂದ ನೋಡುವ ಬ್ಯಾನರಿಗೆ ಇಂಚಿಗೆ 50 ಪಿಕ್ಸೆಲ್ ಇದ್ದರೂ ನಡೆಯುತ್ತದೆ. ಅಂದರೆ ಮೂರು ಅಡಿ ಎತ್ತರದ ಮುಖಕ್ಕೆ 1800 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಬಂದ ಫೋಟೊ ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳಿ ಪಡೆಯಿರಿ.

ಇನ್ನು ಕನ್ನಡ ಅಕ್ಷರ. ನಮ್ಮವರ ಅರ್ಧ ತಲೆನೋವು ಇಲ್ಲೇ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳ ಪಠ್ಯ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯುನಿಕೋಡ್ ಸಂಕೇತದಲ್ಲಿ ಇಲ್ಲದಿದ್ದರೆ ಅದನ್ನು ಇಂಕ್‌ಸ್ಕೇಪಿಗೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಮೊದಲು ಅದನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಕೀಲಿಮಣೆಯ ಅಭ್ಯಾಸ ಬಿಡಬೇಕಾಗಿಲ್ಲ. ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸದಲ್ಲೇ ಯುನಿಕೋಡನ್ನೂ ಟೈಪಿಸಬಹುದು. ಫಾಂಟಿಗೆ ಬರವಿಲ್ಲ. ಒಳಪಠ್ಯಕ್ಕೆ ನೋಟೊ ಸೆರಿಫ್ ಕನ್ನಡ, ದಪ್ಪ ತಲೆಬರಹಕ್ಕೆ ಬಲೂ ತಮ್ಮ. ಗುಬ್ಬಿ, ನವಿಲು ಕೂಡ ಇವೆ. ಎಲ್ಲವೂ ಉಚಿತ. ಯಾವ ಫಾಂಟ್ ಹಿಡಿದರೂ ಮೊದಲು ‘ಬ್ರಹ್ಮಕಲಶೋತ್ಸವ’, ‘ಕಾರ್ಯಕ್ರಮ’ ಎಂಬ ಎರಡು ಪದ ಬರೆದು ನೋಡಿ. ಹಕಾರದ ಅಡಿಯ ಮಕಾರ, ಯಕಾರದ ಬಲಕ್ಕೆ ಅರ್ಕಾವತ್ತು ಸರಿಯಾಗಿ ಕೂತರೆ ಉಳಿದದ್ದೂ ಬಹುಮಟ್ಟಿಗೆ ಸರಿಯಿರುತ್ತದೆ.

ನಿಮ್ಮಲ್ಲಿರುವ ಫಾಂಟ್ ಫ್ಲೆಕ್ಸ್ ಅಂಗಡಿಯಲ್ಲಿ ಇರಬೇಕೆಂದೇನೂ ಇಲ್ಲ. ಹಾಗಾಗಿ ‘ಸೇವ್ ಎ ಕಾಪಿ’ ಒತ್ತಿ ಪಿಡಿಎಫ್ ಆರಿಸಿ, ಮುಂದೆ ಬರುವ ಕಿಟಕಿಯಲ್ಲಿ ‘ಕನ್ವರ್ಟ್ ಟೆಕ್ಸ್ಟ್ ಟು ಪಾತ್ಸ್’ ಎಂಬುದನ್ನು ಗುರುತು ಮಾಡಿ. ಅಕ್ಷರಗಳೆಲ್ಲ ಆಕಾರಗಳಾಗಿ ಹೋಗುತ್ತವೆ, ಯಾವ ಕಂಪ್ಯೂಟರಿನಲ್ಲೂ ಕದಲುವುದಿಲ್ಲ. ಮೂಲ ಎಸ್‌ವಿಜಿ ಕಡತದಲ್ಲಿ ಪಠ್ಯ ಪಠ್ಯವಾಗಿಯೇ ಇರುತ್ತದೆ. ಮುಖ್ಯ ಅತಿಥಿಯ ಹೆಸರು ಕೊನೆಯ ಗಳಿಗೆಯಲ್ಲಿ ಬದಲಾಗುವುದು ನಮ್ಮಲ್ಲಿ ಹೊಸತಲ್ಲವಲ್ಲ, ಆಗ ಆ ಕಡತವೇ ಬೇಕಾಗುತ್ತದೆ.

ಆಮಂತ್ರಣ ಪತ್ರಿಕೆ ಆಫ್‌ಸೆಟ್ಟಿಗೆ ಹೋಗುವುದಾದರೆ ಮಾತು ಬೇರೆ. ಕಂಪ್ಯೂಟರಿನ ಕಪ್ಪು ಮುದ್ರಣಕ್ಕೆ ಬದಲಾಗುವಾಗ ನಾಲ್ಕು ಶಾಯಿಗಳ ಮಿಶ್ರಣವಾಗಿ ಬಿಡುತ್ತದೆ. ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಾಕು, ಸಣ್ಣ ಒತ್ತಕ್ಷರಗಳ ಸುತ್ತ ಬಣ್ಣದ ನೆರಳು ಬೀಳುತ್ತದೆ. ಇದಕ್ಕೆ ಪುಟ ಜೋಡಿಸುವ ಸ್ಕ್ರೈಬಸ್ ಹಿಡಿಯಿರಿ. ಅಕ್ಷರದ ಬಣ್ಣವನ್ನು ಕಪ್ಪು ಶಾಯಿ ನೂರು, ಉಳಿದ ಮೂರೂ ಸೊನ್ನೆ ಎಂದು ಇಡಿ. ಪುಟದ ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು, ಬಿಡಿ. ಪಿಡಿಎಫ್ ಮಾಡುವಾಗ ಬಣ್ಣದ ವಿಭಾಗದಲ್ಲಿ ‘ಪ್ರಿಂಟರ್’ ಆರಿಸಿ. ಸ್ಕ್ರೈಬಸ್ 1.4 ಯಾರ ಬಳಿಯಾದರೂ ಇದ್ದರೆ ತೆಗೆದುಹಾಕಿ. ಅದು ಕನ್ನಡದ ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ಒಡೆಯುತ್ತದೆ. 2024ರಲ್ಲಿ ಬಂದ 1.6 ಸರಿಯಾಗಿ ಕೂಡಿಸುತ್ತದೆ.

ಬಯಲಾಟದ ರಾತ್ರಿಯ ಫೋಟೊವನ್ನು ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ರೂಪದಲ್ಲಿ, ತೆಗೆದಿದ್ದರೆ ಡಾರ್ಕ್‌ಟೇಬಲ್ ಸಾಕು. ‘ಡಿನಾಯ್ಸ್ ಪ್ರೊಫೈಲ್ಡ್’ ಎಂಬ ಅದರ ಮಾಡ್ಯೂಲು ಕ್ಯಾಮೆರಾ, ಬೆಳಕಿನ ಸೂಕ್ಷ್ಮತೆ ಹೇಳುವ ಐಎಸ್‌ಒ ಎರಡನ್ನೂ ನೋಡಿ ಕತ್ತಲ ಫೋಟೊದಲ್ಲಿ ಏಳುವ ಚುಕ್ಕೆಕಾಳು ಕಡಿಮೆ ಮಾಡುತ್ತದೆ. ಡಾರ್ಕ್‌ಟೇಬಲ್ ಮೂಲ ಫೋಟೊವನ್ನು ಮುಟ್ಟುವುದಿಲ್ಲ, ತಿದ್ದಿದ್ದನ್ನೆಲ್ಲ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ಫೋಟೊ ಬೇರೆ ಕಂಪ್ಯೂಟರಿಗೆ ಒಯ್ಯುವಾಗ ಅದನ್ನು ಬಿಟ್ಟು ಹೋದರೆ ಅಷ್ಟೂ ಕೆಲಸ ಹೋಯಿತು. ಚಿತ್ರ ಬರೆಯುವವರಿಗೆ ಕೃತಾ ಇದೆ. ಅದಕ್ಕೆ ಬೇರೆಯೇ ದಿನ ಬೇಕು.

ಜಿಂಪಿಗೆ ನಿಜವಾದ ಕೆಲಸ ಇರುವುದು ಹಳೆಯ ಫೋಟೊಗಳಲ್ಲಿ. ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದ ಆಲ್ಬಮ್ ಇಲ್ಲದ ಮನೆ ಕಡಿಮೆ. ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿ, ಟಿಫ್ ಆಗಿ ಉಳಿಸಿ. ಜೆಪೆಗ್ ಬೇಡ, ತಿದ್ದಿ ಉಳಿಸಿದಷ್ಟು ಸಲವೂ ಅದು ಸವೆಯುತ್ತದೆ. ಜಿಂಪಿನಲ್ಲಿ ತೆರೆದು ‘ಪ್ರಿಸಿಷನ್’ ಅನ್ನು 16 ಬಿಟ್‌ಗೆ ಏರಿಸಿ, ಇಲ್ಲವಾದರೆ ಬಣ್ಣ ಎಳೆದಾಗ ಆಕಾಶದಲ್ಲಿ ಪಟ್ಟೆಗಳು ಏಳುತ್ತವೆ. ಕೆಂಪಾಗಿ ಮಾಸಿದ ಚಿತ್ರಕ್ಕೆ ‘ಲೆವೆಲ್ಸ್’ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ತೆಗೆದು, ಅಲ್ಲಿ ಕಾಣುವ ನಕ್ಷೆಯ ಗುಡ್ಡೆಯ ಎರಡು ತುದಿಗೂ ಅದರ ಕೆಳಗಿನ ತ್ರಿಕೋನಗಳನ್ನು ತಂದು ನಿಲ್ಲಿಸಿ. ಹೋದ ಬಣ್ಣ ಬಹುಪಾಲು ಹಿಂದಿರುಗುತ್ತದೆ.

ಕಲೆಗಳಿಗೆ ಹೀಲ್ ಉಪಕರಣ. ಖಾಲಿ ಲೇಯರ್ ಸೇರಿಸಿ, ‘ಸ್ಯಾಂಪಲ್ ಮರ್ಜ್ಡ್’ ಗುರುತು ಮಾಡಿ, ಕಂಟ್ರೋಲ್ ಒತ್ತಿ ಶುದ್ಧ ಜಾಗದಲ್ಲೊಂದು ಕ್ಲಿಕ್, ಆಮೇಲೆ ಕಲೆಯ ಮೇಲೆ. ತಪ್ಪಿದರೆ ಆ ಲೇಯರನ್ನಷ್ಟೇ ಅಳಿಸಿದರಾಯಿತು. ಕಪ್ಪು ಕೂದಲು ಬಿಳಿ ಗೋಡೆಗೆ ತಾಗುವ ಅಂಚಿನಲ್ಲಿ ಹೀಲ್ ಮಸಿ ಬಳಿದ ಹಾಗೆ ಹರಡುತ್ತದೆ, ಅಲ್ಲಿ ಇದ್ದದ್ದನ್ನು ಇದ್ದ ಹಾಗೇ ನಕಲಿಸುವ ಕ್ಲೋನ್ ಬಳಸಿ.

ಚೌಕಟ್ಟಿನ ಗಾಜಿಗೇ ಅಂಟಿಕೊಂಡ ಫೋಟೊವನ್ನು ಕೀಳಲು ಹೋಗಬೇಡಿ, ಮುಖವೇ ಗಾಜಿಗೆ ಉಳಿದುಬಿಡುತ್ತದೆ. ತೆಳ್ಳಗಿನ ಸಿಐಎಸ್ ಮಾದರಿಯ ಸ್ಕ್ಯಾನರಿಗೂ ಇದು ಒಗ್ಗದು; ಗಾಜಿನ ದಪ್ಪದಷ್ಟು ದೂರ ಹೋದರೆ ಅದಕ್ಕೆ ಮಸುಕು. ಕ್ಯಾಮೆರಾದಲ್ಲೇ ತೆಗೆಯಿರಿ. ಕೋಣೆಯ ದೀಪ ಆರಿಸಿ, ಎಡಬಲದಿಂದ 45 ಡಿಗ್ರಿ ಕೋನದಲ್ಲಿ ಒಂದೇ ಬಗೆಯ ಎರಡು ದೀಪ, ಕ್ಯಾಮೆರಾ ಫೋಟೊಗೆ ನೇರ. ಬಿಳಿ ಅಂಗಿ ತೊಟ್ಟವರು ತೆಗೆದರೆ ಅಂಗಿಯ ಪ್ರತಿಬಿಂಬ ಗಾಜಿನಲ್ಲಿ ಕಾಣುತ್ತದೆ, ಕಪ್ಪು ಬಟ್ಟೆ ಒಳ್ಳೆಯದು.