ಸ್ಯಾಮ್ ಸೆಲ್ವನ್: ಟ್ರಿನಿಡಾಡಿನ ಮಾತನ್ನು ಲಂಡನ್ನಿಗೆ ಒಯ್ದ ಕಾದಂಬರಿಕಾರ

ಕೇಳುಗರಿಗೆ ನಮಸ್ಕಾರ.

ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪ ಎಂದರೆ ನಮ್ಮಲ್ಲಿ ಹಲವರಿಗೆ ಮೊದಲು ಕ್ರಿಕೆಟ್ ನೆನಪಾಗುತ್ತದೆ. ಸಾಹಿತ್ಯ ಓದುವವರಿಗಾದರೆ ನೊಬೆಲ್ ಪಡೆದ ನೈಪಾಲ್. ನಾನು ಇವತ್ತು ಹೇಳಹೊರಟಿರುವುದು ನೈಪಾಲರಿಗಿಂತ ಒಂಬತ್ತು ವರ್ಷ ಹಿರಿಯರಾದ, ನಮ್ಮಲ್ಲಿ ಅಷ್ಟಾಗಿ ಯಾರೂ ಓದದ ಸ್ಯಾಮ್ಯುಯೆಲ್ ಸೆಲ್ವನ್ ಅವರ ಬಗ್ಗೆ.

1845ರಿಂದ 1917ರವರೆಗೆ ಭಾರತದಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಕರಾರು ಕೂಲಿಗಳಾಗಿ ಟ್ರಿನಿಡಾಡಿನ ಕಬ್ಬಿನ ತೋಟಗಳಿಗೆ ಹೋದರು. ಸೆಲ್ವನ್ ಅವರ ತಂದೆ ಮದರಾಸಿನ ಕಡೆಯವರು. ತಾಯಿಯದು ಭಾರತ, ಸ್ಕಾಟ್ಲೆಂಡ್ ಎರಡೂ ಕಡೆಯ ರಕ್ತ. 1923ರಲ್ಲಿ ಸ್ಯಾನ್ ಫರ್ನಾಂಡೊ ಪಟ್ಟಣದಲ್ಲಿ ಹುಟ್ಟಿದ ಹುಡುಗ ಆಫ್ರಿಕನ್, ಚೀನಿ, ಭಾರತೀಯ ಮನೆಗಳ ಮಕ್ಕಳೊಡನೆ ಬೆರೆತು, ಎಲ್ಲರೂ ಆಡುವ ಟ್ರಿನಿಡಾಡಿನ ಇಂಗ್ಲಿಷನ್ನೇ ಆಡುತ್ತ ಬೆಳೆದ. ಓದು ಹದಿಹರೆಯದಲ್ಲೇ ನಿಂತಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಮೀಸಲು ದಳದಲ್ಲಿ ವೈರ್‌ಲೆಸ್ ಆಪರೇಟರ್, ಯುದ್ಧ ಮುಗಿದ ಮೇಲೆ ‘ಟ್ರಿನಿಡಾಡ್ ಗಾರ್ಡಿಯನ್’ ಪತ್ರಿಕೆಯಲ್ಲಿ ಕೆಲಸ.

1950ರಲ್ಲಿ ಅವರು ಲಂಡನ್ನಿಗೆ ಹಡಗು ಹತ್ತಿದರು. ಬಾರ್ಬಡೋಸಿನ ಲೇಖಕ ಜಾರ್ಜ್ ಲ್ಯಾಮಿಂಗ್ ಕೂಡ ಅದೇ ಹಡಗಿನಲ್ಲಿದ್ದರು. ಹೊಟ್ಟೆಪಾಡಿಗೆ ಭಾರತೀಯ ಹೈಕಮಿಷನ್ ಕಚೇರಿಯಲ್ಲಿ ಗುಮಾಸ್ತಗಿರಿ. ಆಗ ಬಿಬಿಸಿಯಲ್ಲಿ ‘ಕೆರೀಬಿಯನ್ ವಾಯ್ಸಸ್’ ಎಂಬ ಕಾರ್ಯಕ್ರಮವಿತ್ತು. ಕೆರೀಬಿಯನ್ ದ್ವೀಪಗಳಲ್ಲಿ ಬರೆದ ಕಥೆ, ಕವಿತೆ ಲಂಡನ್ನಿಗೆ ಹೋಗಿ, ಅಲ್ಲಿಂದ ಬಾನುಲಿಯ ಮೂಲಕ ಮತ್ತೆ ದ್ವೀಪಗಳಿಗೇ ಕೇಳಿಸುತ್ತಿದ್ದವು. ಪುಸ್ತಕ ಅಚ್ಚಾಗುವುದೇ ದುರ್ಲಭವಾಗಿದ್ದ ಕಾಲದಲ್ಲಿ ಒಂದು ಇಡೀ ತಲೆಮಾರಿನ ಲೇಖಕರಿಗೆ ಸಂಭಾವನೆಯನ್ನೂ ಕೇಳುಗರನ್ನೂ ಒದಗಿಸಿದ್ದು ಬಾನುಲಿ. ಇದನ್ನು ಬಾನುಲಿಯಲ್ಲೇ ಹೇಳಲು ನನಗೆ ಸಂತೋಷವಾಗುತ್ತಿದೆ.

1952ರ ಮೊದಲ ಕಾದಂಬರಿ ‘ಎ ಬ್ರೈಟರ್ ಸನ್’. ಅದರ ಟೈಗರ್ ಎಂಬ ಭಾರತೀಯ ಹುಡುಗನಿಗೆ ಹದಿನಾರಕ್ಕೇ ಮದುವೆಯಾಗುತ್ತದೆ. ಹೆಂಡತಿ ಊರ್ಮಿಳಾಳೊಂದಿಗೆ ಕಬ್ಬಿನ ಸೀಮೆ ಬಿಟ್ಟು ಬರಟಾರಿಯಾ ಎಂಬಲ್ಲಿ ಸಂಸಾರ ಹೂಡುತ್ತಾನೆ. ಪಕ್ಕದ ಮನೆಯವರು ಆಫ್ರಿಕನ್ ಮೂಲದವರು. ಗಂಡಸಾಗುವುದೆಂದರೆ ಏನು ಎಂದು ಟೈಗರ್ ತಡಕಾಡುತ್ತಾನೆ, ಅಕ್ಷರ ಕಲಿಯಲು ಹೆಣಗುತ್ತಾನೆ.

ಆದರೆ ಸೆಲ್ವನ್ ಅವರ ದೊಡ್ಡ ಸಾಧನೆ 1956ರ ‘ದಿ ಲೋನ್ಲಿ ಲಂಡನರ್ಸ್’. ಕೆಲಸ ಹುಡುಕಿಕೊಂಡು ವೆಸ್ಟ್ ಇಂಡೀಸಿನಿಂದ ಬಂದವರ ಕಥೆ ಅದು. ಮೊದಲು ಶಿಷ್ಟ ಇಂಗ್ಲಿಷಿನಲ್ಲಿ ಬರೆಯಲು ಹೋದರು, ಕಾದಂಬರಿ ಮುಂದೆ ಸಾಗಲೇ ಇಲ್ಲ. ಆಮೇಲೆ ಪಾತ್ರಗಳ ಮಾತನ್ನಷ್ಟೇ ಅಲ್ಲ, ಕಥೆ ಹೇಳುವ ದನಿಯನ್ನೂ ಟ್ರಿನಿಡಾಡಿನ ಆಡುಮಾತಿಗೆ ತಂದರು. ಆಗ ಕೆಲವೇ ತಿಂಗಳಲ್ಲಿ ಬರೆದು ಮುಗಿಸಿದರು. ಇದು ಸಣ್ಣ ಮಾತಲ್ಲ. ಪಾತ್ರಗಳು ಆಡುಮಾತಿನಲ್ಲಿ, ಲೇಖಕ ಗ್ರಂಥಸ್ಥ ಭಾಷೆಯಲ್ಲಿ ಮಾತಾಡಿದರೆ, ಲೇಖಕ ಒಂದು ಮೆಟ್ಟಿಲು ಮೇಲೆ ನಿಂತಂತೆಯೇ. ಸೆಲ್ವನ್ ಆ ಮೆಟ್ಟಿಲು ಇಳಿದು ಬಂದರು. ಕನ್ನಡದಲ್ಲಿ ಪ್ರಾದೇಶಿಕ ನುಡಿಗಳಲ್ಲಿ ಬರೆಯುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಟ್ಯಾಂಟಿ ಎಂಬ ವಯಸ್ಸಾದ ಹೆಂಗಸು ಆ ಕಾದಂಬರಿಯಲ್ಲಿ ಬರುತ್ತಾಳೆ. ಬಡ ಬೀದಿಯೊಂದರ ಇಂಗ್ಲಿಷ್ ದಿನಸಿ ಅಂಗಡಿಗೆ ಹೋಗಿ ಸಾಮಾನು ತೆಗೆದುಕೊಂಡು, ನಮ್ಮೂರಲ್ಲಿ ವಾರವಿಡೀ ಉದ್ದರಿ, ಶುಕ್ರವಾರ ಲೆಕ್ಕ ಚುಕ್ತಾ ಎಂದು ಹೇಳಿ ಹೊರಟೇಬಿಡುತ್ತಾಳೆ. ‘ಇಂದು ನಗದು, ನಾಳೆ ಉದ್ದರಿ’ ಎಂಬ ಬೋರ್ಡು ನೋಡಿ ಬೆಳೆದ ನಮಗೆ ಆ ಅಂಗಡಿಯವನ ಪೀಕಲಾಟ ಕಣ್ಣಿಗೆ ಕಟ್ಟುತ್ತದೆ. ಕೊನೆಗೆ ಆ ಬೀದಿಯಲ್ಲಿ ಉದ್ದರಿ ಶುರುವಾಗುತ್ತದೆ.

ಇನ್ನೊಂದು ದೃಶ್ಯ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಗ್ಯಾಲಹ್ಯಾಡ್ ಎಂಬ ಯುವಕ ರಾತ್ರಿ ಹೊದ್ದುಕೊಂಡು ಮಲಗಿ ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ. ಅದರ ಕಪ್ಪು ಬಣ್ಣವನ್ನು ಮಾತಾಡಿಸುತ್ತಾನೆ: ಇದೆಲ್ಲ ನಿನ್ನಿಂದಲೇ ಆಗುತ್ತಿರುವುದು, ನೀನು ನೀಲಿಯೋ ಕೆಂಪೋ ಯಾಕಾಗಬಾರದಿತ್ತು ಎಂದು. ತಪ್ಪು ತನ್ನದಲ್ಲ, ಬಣ್ಣದ್ದು ಎಂದು ಅವನು ಸಮಾಧಾನ ಮಾಡಿಕೊಳ್ಳುವ ಬಗೆ ಅದು. ಸೆಲ್ವನ್ ಅಲ್ಲಿ ವ್ಯಾಖ್ಯಾನಕ್ಕೆ ಹೋಗುವುದಿಲ್ಲ, ಅವನನ್ನು ಮಾತಾಡಲು ಬಿಡುತ್ತಾರೆ.

ಲೇಖಕರಿಗೆ, ಕಲಾವಿದರಿಗೆ ಸಿಗುವ ಅಮೆರಿಕದ ಗುಗ್ಗನ್‌ಹೈಮ್ ಫೆಲೋಶಿಪ್ಪನ್ನು ಎರಡು ಬಾರಿ ಪಡೆದ ಈ ಲೇಖಕ 1978ರಲ್ಲಿ ಕೆನಡಾದ ಕ್ಯಾಲ್ಗರಿಗೆ ಹೋದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲವು ತಿಂಗಳು ಕಸ ಗುಡಿಸುವ ಜಾಡಮಾಲಿ ಕೆಲಸ ಮಾಡಿದರು. ಮುಂದೆ ಅದೇ ವಿಶ್ವವಿದ್ಯಾಲಯ ಅವರನ್ನು ಅತಿಥಿ ಲೇಖಕರಾಗಿ ನೇಮಿಸಿತು. ಜಾಡಮಾಲಿ ಕೆಲಸ ಕೀಳು ಎನ್ನುವ ಮಾತೇ ಇಲ್ಲ. ಆದರೆ ಹತ್ತಾರು ಕೃತಿ ಬರೆದ ಮೇಲೂ ಒಬ್ಬ ಲೇಖಕನ ಬದುಕಿಗೆ ಬರವಣಿಗೆ ಆಧಾರವಾಗಲಿಲ್ಲವಲ್ಲ ಎಂದು ನನಗೆ ನೋವಾಗುತ್ತದೆ. 1994ರ ಏಪ್ರಿಲ್‌ನಲ್ಲಿ ಟ್ರಿನಿಡಾಡಿಗೆ ಬಂದಿದ್ದಾಗ, ಅಲ್ಲಿನ ವಿಮಾನ ನಿಲ್ದಾಣದಲ್ಲೇ ತೀರಿಕೊಂಡರು.

ಸೆಲ್ವನ್ ಅವರನ್ನು ಓದಬೇಕೆನ್ನುವವರು ಟೈಗರ್‌ನಿಂದ ಶುರು ಮಾಡಿ, ಆಮೇಲೆ ಲಂಡನ್ನಿಗೆ ಹೋಗಿ. ಮೊದಲ ಕೆಲವು ಪುಟ ತೊಡಕೆನಿಸಿದರೆ ಗಟ್ಟಿಯಾಗಿ ಓದಿ, ಆ ಭಾಷೆ ಕಿವಿಗೆ ಬೇಗ ಒಗ್ಗುತ್ತದೆ. ಬೇಸಿಗೆಯ ಲಂಡನ್ನಿನ ಬಗ್ಗೆ ಪುಟಗಟ್ಟಲೆ ಹರಿಯುವ, ಒಂದು ಪೂರ್ಣವಿರಾಮವೂ ಇಲ್ಲದ ಭಾಗವೊಂದು ಬರುತ್ತದೆ. ಅದನ್ನು ಮಾತ್ರ ತಪ್ಪಿಸಬೇಡಿ.

ನಮಸ್ಕಾರ.